ತಂಗಿಯ ಹೆಸರಿನಲ್ಲಿ ಯಾರೋ ಬರೆದ ಇಮೇಲ್, ಮುರಿದುಹೋದ ನಿಶ್ಚಿತಾರ್ಥ: ಈಗ ಏನು ಮಾಡಬಹುದು?

ಅಘನಾಶಿನಿ ದಂಡೆ (ಕುಮಟಾ)

ನಮ್ಮದು ಕುಮಟಾ ತಾಲೂಕಿನ ಹಳ್ಳಿ. ತಂಗಿ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳೆ. 2024ರ ಮೇ ತಿಂಗಳಲ್ಲಿ ಕಾರವಾರದ ಕಡೆಯ ಹುಡುಗನ ಜೊತೆ ಅವಳ ನಿಶ್ಚಿತಾರ್ಥ ಆಗಿತ್ತು. ಹುಡುಗ ಸರಕು ಹಡಗಿನಲ್ಲಿ ಎಂಜಿನಿಯರ್. ನಿಶ್ಚಯ ಮುಗಿಸಿ ಹಡಗು ಹತ್ತಿದ, ಇಳಿದು ಬಂದ ಮೇಲೆ ಮದುವೆ ಎಂದು ಮಾತಾಗಿತ್ತು. ಹಡಗಿನಲ್ಲಿ ಡೇಟಾ ಅಳತೆ ಪ್ರಕಾರ ಸಿಗುತ್ತದಂತೆ. ಬಂದರು ಮುಟ್ಟಿದಾಗ ಫೋನು, ನಡುವೆ ಇಮೇಲ್, ಹೀಗೆ ಇಬ್ಬರ ಮಾತುಕತೆ ನಡೆಯುತ್ತಿತ್ತು.

ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ಹೆದ್ದಾರಿ ಮುಚ್ಚಿತು. ನಾವು ಅತ್ತ ಹೋಗುವುದು, ಅವರು ಇತ್ತ ಬರುವುದು ಎರಡೂ ನಿಂತಿತ್ತು. ಸರಿಯಾಗಿ ಅದೇ ಹೊತ್ತಿನಲ್ಲಿ ಹುಡುಗನಿಗೂ ಅವನ ಚಿಕ್ಕಮ್ಮನಿಗೂ ತಂಗಿಯ ಹೆಸರಿನಲ್ಲಿ ಇಮೇಲ್ ಹೋಗಿವೆ. ಹುಡುಗನಿಗೆ ಹೋದದ್ದರಲ್ಲಿ, ‘ನನಗೆ ಈ ಮದುವೆ ಇಷ್ಟವಿಲ್ಲ, ಅಪ್ಪನ ಒತ್ತಾಯಕ್ಕೆ ಒಪ್ಪಿದ್ದೆ’ ಎಂದಿದೆ. ಚಿಕ್ಕಮ್ಮನಿಗೆ ಬಂದದ್ದು ಇನ್ನೂ ಕೆಟ್ಟದ್ದು. ತಂಗಿ ಹಿಂದೆ ಹುಡುಗನಿಗೆ ಬರೆದಿದ್ದ ನಿಜವಾದ ಪತ್ರವನ್ನೇ ಯಾರೋ ಫಾರ್ವರ್ಡ್ ಮಾಡಿದ್ದಾರೆ, ನಡುವೆ ಅವನ ತಾಯಿಯ ಬಗ್ಗೆ ಎರಡು ಹೊಲಸು ಸಾಲು ಸೇರಿಸಿ. ಉಳಿದ ಸಾಲುಗಳೆಲ್ಲ ತಂಗಿಯವೇ. ಅವಳು ಹಾಗೆ ಬರೆಯುವವಳೇ ಎಂದು ಓದಿದವರಿಗೆಲ್ಲ ಖಾತ್ರಿಯಾಗಿದ್ದು ಅದರಿಂದಲೇ.

ಚಿಕ್ಕಮ್ಮ ಅದನ್ನು ಪ್ರಿಂಟ್ ತೆಗೆಸಿದರು. ಆ ಹಾಳೆ ಎಷ್ಟು ಮನೆ ಸುತ್ತಿದೆಯೋ ನಮಗೆ ತಿಳಿಯದು. ಆಗಸ್ಟ್‌ನಲ್ಲಿ ಹಿರಿಯರ ಮೂಲಕ ‘ಸಂಬಂಧ ಬೇಡ’ ಎಂದು ಹೇಳಿ ಕಳಿಸಿದರು. ಕಾರಣ ಕೇಳಿದರೆ, ‘ನಿಮ್ಮ ಮಗಳನ್ನೇ ಕೇಳಿ’ ಎಂಬ ಉತ್ತರ. ತಂಗಿಯ ಕಡೆಯಿಂದ ನೋಡಿದರೆ ಹುಡುಗ ಜುಲೈ ಕೊನೆಯಿಂದ ಅವಳಿಗೆ ಒಂದು ಸಾಲೂ ಬರೆದಿಲ್ಲ. ಅವನಿಗೇ ಮನಸ್ಸಿಲ್ಲದೆ ಹೀಗೆ ಮಾಡಿದ್ದಾನೆ ಎಂದು ಅವಳು ತಿಳಿದಿದ್ದಳು. ಹಾಳೆಯ ಫೋಟೋ ನಮಗೆ ಸಿಕ್ಕಿದ್ದು ಕಳೆದ ವಾರ.

ಇದು ಅವಳು ಬರೆದದ್ದಲ್ಲ ಎಂದು ತೋರಿಸುವ ದಾರಿ ಇದೆಯೇ? ತಿಳಿದವರು ದಯವಿಟ್ಟು ಹೇಳಿ. ಊಟ ಬಿಟ್ಟು ಕೂತಿದ್ದಾಳೆ.

ಸರ್ವರ್ ಕಾಯುವವ (ಶಿರಸಿ)

ಇಮೇಲ್ ವ್ಯವಸ್ಥೆ ನೋಡಿಕೊಳ್ಳುವುದೇ ನನ್ನ ಕೆಲಸ. ಮೊದಲು ಒಂದು ಮಾತು: ಪ್ರಿಂಟ್ ಆದ ಹಾಳೆಯಿಂದ, ಫೋಟೋದಿಂದ, ಸ್ಕ್ರೀನ್‌ಶಾಟ್‌ನಿಂದ ಯಾವುದನ್ನೂ ಹೇಳಲಾಗದು. ಅವಳು ಬರೆದಳು ಎಂದೂ ಆಗದು, ಬರೆದಿಲ್ಲ ಎಂದೂ ಆಗದು. ಮೂಲ ಇಮೇಲ್ ಬಂದಿರುವ ಪೆಟ್ಟಿಗೆಯನ್ನೇ ನೋಡಬೇಕು.

ಹೀಗಾಗಲು ಮೂರು ದಾರಿಗಳಿವೆ. ಒಂದು, ಕಳಿಸಿದವರ ವಿಳಾಸವನ್ನೇ ಸುಳ್ಳಾಗಿ ಬರೆಯುವುದು. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರದ್ದು. ‘ಇಂಥವರಿಂದ’ ಎಂಬ ಸಾಲು ನಿಜವೇ ಎಂದು ಅದು ತಾನಾಗಿ ಪರೀಕ್ಷಿಸುವುದಿಲ್ಲ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ತಪಾಸಣೆಗಳು ಆಮೇಲೆ ಬಂದವು. ಈಗ ದೊಡ್ಡ ಕಂಪನಿಗಳ ಪೆಟ್ಟಿಗೆಗೆ ಈ ರೀತಿಯ ಸುಳ್ಳು ಸುಲಭವಾಗಿ ನುಗ್ಗಲಾರದು, ಸ್ಪ್ಯಾಮ್‌ಗೆ ಬೀಳುತ್ತದೆ. ಎರಡನೆಯದು, ನೋಡಲು ಹಾಗೇ ಕಾಣುವ ಬೇರೆ ಖಾತೆ ತೆರೆದು ತಂಗಿಯ ಹೆಸರು, ಫೋಟೋ ಹಾಕುವುದು. ಮೊಬೈಲಿನಲ್ಲಿ ಹೆಸರಷ್ಟೇ ಕಾಣುತ್ತದೆ, ಅದನ್ನು ಒತ್ತಿದರೆ ಮಾತ್ರ ವಿಳಾಸ. ಮೂರನೆಯದು, ತಂಗಿಯ ಖಾತೆಯೊಳಗೇ ಯಾರೋ ಕೂತಿರುವುದು.

ನಿಮ್ಮ ವಿಷಯದಲ್ಲಿ ಮೂರನೆಯದು ಇರುವ ಹಾಗಿದೆ. ಅವಳು ಹುಡುಗನಿಗೆ ಬರೆದ ಪತ್ರ ಬೇರೆಯವರ ಕೈಗೆ ಸಿಗಬೇಕಾದರೆ ಅವಳ ಪೆಟ್ಟಿಗೆಯೋ ಅವನ ಪೆಟ್ಟಿಗೆಯೋ ತೆರೆದಿರಬೇಕು. ಜುಲೈ ಕೊನೆಯಿಂದ ಅವನಿಂದ ಅವಳಿಗೆ ಒಂದು ಸಾಲೂ ಬಂದಿಲ್ಲ ಎನ್ನುತ್ತೀರಿ. ಹಾಗಾದರೆ ಅವಳ ಪೆಟ್ಟಿಗೆಯ ಮೇಲೇ ನನ್ನ ಅನುಮಾನ.

ಇವತ್ತೇ ಕಂಪ್ಯೂಟರಿನಲ್ಲಿ ಬ್ರೌಸರ್ ಮೂಲಕ ಅವಳ ಜಿಮೇಲ್ ತೆರೆಯಿರಿ. ಮೊಬೈಲ್ ಆ್ಯಪ್‌ನಲ್ಲಿ ಫಿಲ್ಟರ್‌ಗಳು (ಬಂದ ಪತ್ರವನ್ನು ತಾನಾಗಿ ಏನು ಮಾಡಬೇಕೆಂದು ಹೇಳುವ ನಿಯಮಗಳು) ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್, ಖಾತೆಗೆ ಬೇರೆಯವರಿಗೆ ಪ್ರವೇಶ ಕೊಟ್ಟಿರುವ ಭಾಗ, ಈ ಮೂರನ್ನೂ ನೋಡಿ. ಏನೇ ಸಿಕ್ಕರೂ ಅಳಿಸಬೇಡಿ. ಪಾಸ್‌ವರ್ಡನ್ನೂ ಈಗಲೇ ಬದಲಿಸಬೇಡಿ, ಮೊದಲು ಎಲ್ಲವನ್ನೂ ದಾಖಲಿಸಿಕೊಳ್ಳಿ.

ಕೋಡಿಬಾಗ (ಕಾರವಾರ)

ಕಷ್ಟವಾದರೂ ಕೇಳಲೇಬೇಕು. ಮದುವೆ ಬೇಡವಾದ ಹುಡುಗಿಯೇ ಬರೆದು, ಮನೆಯವರ ಎದುರು ‘ನನಗೆ ಗೊತ್ತಿಲ್ಲ’ ಎನ್ನುವುದೂ ಉಂಟು. ನಮ್ಮ ಕಡೆ ಹುಡುಗಿಯರಿಗೆ ಬಾಯಿಬಿಟ್ಟು ‘ಬೇಡ’ ಎನ್ನುವ ಧೈರ್ಯವನ್ನು ಎಷ್ಟು ಮನೆಗಳು ಕೊಟ್ಟಿವೆ? ಅವಳನ್ನು ಒಬ್ಬಳೇ ಕೂರಿಸಿಕೊಂಡು, ಸಿಟ್ಟಿಲ್ಲದೆ ಕೇಳಿದ್ದೀರಾ? ಹಾಗಿದ್ದರೂ ಅವಳ ಜೊತೆ ನಿಲ್ಲಬೇಕಾದವರು ನೀವೇ.

ಅಘನಾಶಿನಿ ದಂಡೆ (ಕುಮಟಾ)

@ಕೋಡಿಬಾಗ, ಕೇಳಿದ್ದು ನ್ಯಾಯವೇ. ಆಯಿ ಅವಳನ್ನು ಕೇಳಿದ್ದಾಳೆ, ಅಪ್ಪ ಮನೆಯಲ್ಲಿ ಇಲ್ಲದಾಗ. ಅವಳಿಗೆ ಆ ಹುಡುಗ ಬೇಕಿತ್ತು.

@ಸರ್ವರ್ ಕಾಯುವವ, ನೀವು ಹೇಳಿದ ಹಾಗೆ ಮಾಡಿದೆವು. ಕೈ ನಡುಗುತ್ತಿದೆ, ಬರೆಯುವುದು ಹೆಚ್ಚುಕಮ್ಮಿ ಆದರೆ ಸಹಿಸಿಕೊಳ್ಳಿ. ಅಲ್ಲಿ ಒಂದು ಫಿಲ್ಟರ್ ಇದೆ. ಹುಡುಗನ ವಿಳಾಸದಿಂದ ಏನೇ ಬಂದರೂ ಇನ್‌ಬಾಕ್ಸ್‌ಗೆ ಬಾರದೆ, ಓದಿದ್ದೆಂದು ಗುರುತಾಗಿ, ಅಳಿಸಿಹೋಗಬೇಕು. ಅದರ ಒಂದು ಪ್ರತಿ ಇನ್ಯಾವುದೋ ವಿಳಾಸಕ್ಕೆ ಹೋಗಬೇಕು. ತಂಗಿ ಆ ವಿಳಾಸವನ್ನು ನೋಡಿಯೇ ಇಲ್ಲವಂತೆ. ಕಸದ ಬುಟ್ಟಿಯಲ್ಲಿ ಹುಡುಗನ ಪತ್ರ ಒಂದೂ ಉಳಿದಿಲ್ಲ.

ಅಂದರೆ ಅವನು ಬರೆದಿದ್ದ. ಇವಳಿಗೆ ಮುಟ್ಟಿಲ್ಲ, ಅಷ್ಟೇ.

ಸರ್ವರ್ ಕಾಯುವವ (ಶಿರಸಿ)

ಕಸದ ಬುಟ್ಟಿಗೆ ಬಿದ್ದ ಪತ್ರವನ್ನು ಜಿಮೇಲ್ 30 ದಿನವಾದ ಮೇಲೆ ತಾನೇ ಪೂರ್ತಿ ಅಳಿಸುತ್ತದೆ, ಅದಕ್ಕೇ ಅಲ್ಲಿ ಏನೂ ಇಲ್ಲ. ಆದರೆ ಹುಡುಗನ ಸೆಂಟ್ ಪೆಟ್ಟಿಗೆಯಲ್ಲಿ ಅವನು ಬರೆದದ್ದೆಲ್ಲ ಇರಬೇಕು.

ಈಗ ಮಾಡಬೇಕಾದ್ದು: ಆ ಫಿಲ್ಟರ್ ಪುಟವನ್ನು ಮೇಲಿನ ವಿಳಾಸಪಟ್ಟಿ, ದಿನಾಂಕ, ಸಮಯ ಎಲ್ಲ ಕಾಣುವಂತೆ ಚಿತ್ರ ತೆಗೆಯಿರಿ, ವಿಡಿಯೋ ಕೂಡ ಮಾಡಿ. ಇನ್‌ಬಾಕ್ಸ್‌ನ ಕೆಳಗೆ ಬಲ ಮೂಲೆಯಲ್ಲಿ ‘ಡೀಟೇಲ್ಸ್’ ಎಂದು ಸಣ್ಣದಾಗಿ ಇರುತ್ತದೆ. ಅದನ್ನು ಒತ್ತಿದರೆ ಇತ್ತೀಚೆಗೆ ಎಲ್ಲೆಲ್ಲಿಂದ ಖಾತೆ ತೆರೆದಿದೆ ಎಂಬುದು ಐಪಿ ಸಂಖ್ಯೆಯ (ಅಂತರ್ಜಾಲ ಸಂಪರ್ಕದ ಗುರುತಿನ ಸಂಖ್ಯೆ) ಸಮೇತ ಕಾಣುತ್ತದೆ. ಗೂಗಲ್ ಖಾತೆಯ ಭದ್ರತೆ ಪುಟದಲ್ಲಿ ಯಾವ್ಯಾವ ಸಾಧನಗಳು ಒಳಗಿವೆ ನೋಡಿ. ಪಾಸ್‌ವರ್ಡ್ ಮರೆತರೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್, ಇಮೇಲ್ ಯಾರದ್ದು ನೋಡಿ. ಇದನ್ನು ಮರೆಯಲೇಬೇಡಿ. ಆ ವಿಳಾಸ ಖಾತೆಯೊಳಗೆ ಕೂತ ಕಳ್ಳನದಾಗಿದ್ದರೆ ನೀವು ಪಾಸ್‌ವರ್ಡ್ ಬದಲಿಸಿದ ಮರುಕ್ಷಣ ಅವನು ಮತ್ತೆ ಒಳಗೆ.

ದಾಖಲಿಸಿದ ಮೇಲೆ ಆ ನಂಬರ್, ವಿಳಾಸ ಬದಲಿಸಿ, ಆಮೇಲೆ ಪಾಸ್‌ವರ್ಡ್, ಆಮೇಲೆ ಎರಡು ಹಂತದ ಪರಿಶೀಲನೆ. ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸರಿಯಾಯಿತು ಎಂದು ಬಹಳ ಜನ ನಂಬಿದ್ದಾರೆ. ಫಿಲ್ಟರ್ ಮತ್ತು ಫಾರ್ವರ್ಡಿಂಗ್ ಪಾಸ್‌ವರ್ಡ್ ಬದಲಾದರೂ ಹಾಗೇ ಕೆಲಸ ಮಾಡುತ್ತಿರುತ್ತವೆ. ಕಳ್ಳ ಹೊರಗೆ ಹೋಗಿರುತ್ತಾನೆ, ಪತ್ರ ಮಾತ್ರ ಅವನ ಮನೆಗೆ ಹೋಗುತ್ತಲೇ ಇರುತ್ತದೆ.

ಹೀಗೆ ಫಿಲ್ಟರ್ ಮೂಲಕ ಫಾರ್ವರ್ಡಿಂಗ್ ಹಾಕಿದಾಗ ಮೊದಲ ವಾರ ಜಿಮೇಲ್ ಪುಟದ ಮೇಲ್ಗಡೆ ಒಂದು ಸೂಚನೆ ಬರುತ್ತದೆ. ಆದರೆ ಅದು ಕಾಣುವುದು ಕಂಪ್ಯೂಟರಿನಲ್ಲಿ. ನಮ್ಮ ಜನ ಇಮೇಲ್ ತೆರೆಯುವುದೇ ಮೊಬೈಲಿನಲ್ಲಿ.

ಸಿದ್ದಾಪುರದವಳು

ಓದಿ ಸಂಕಟವಾಯಿತು. ನಮ್ಮ ಮನೆಯಲ್ಲಿ ನಡೆದದ್ದನ್ನೂ ಹೇಳುತ್ತೇನೆ, ಇದು ಮದುವೆಗಷ್ಟೇ ಬರುವ ಕಷ್ಟ ಅಲ್ಲ.

ಅಡಿಕೆ ತೋಟದ ಹಿಸ್ಸೆ ವಿಷಯ. ನಮ್ಮ ಯಜಮಾನರು ಊರಲ್ಲಿ, ಭಾವ ಅಮೆರಿಕದಲ್ಲಿ. ಇಬ್ಬರ ನಡುವೆ ಮನಸ್ತಾಪ ಏನೂ ಇರಲಿಲ್ಲ. ಕಾಗದಪತ್ರ ನೋಡಿಕೊಳ್ಳುತ್ತಿದ್ದ ಒಬ್ಬ ಬಂಧು ಇಬ್ಬರ ಇಮೇಲ್‌ಗಳನ್ನೂ ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಮಾಡುತ್ತಿದ್ದ. ಯಜಮಾನರು ‘ಕೆಳಗಿನ ಭಾಗ ಅಣ್ಣನಿಗೇ ಇರಲಿ, ನೀರಿನ ಹಕ್ಕಿನ ಬಗ್ಗೆ ಕೂತು ಮಾತಾಡೋಣ’ ಎಂದು ಬರೆದಿದ್ದರು. ಭಾವನಿಗೆ ತಲುಪುವಾಗ ಅದರ ಮೊದಲ ಅರ್ಧ ಇರಲಿಲ್ಲ. ಹೊಸದಾಗಿ ಏನನ್ನೂ ಸೇರಿಸಿರಲಿಲ್ಲ, ತೆಗೆದಿದ್ದ ಅಷ್ಟೇ. ಭಾವ ಅದಕ್ಕೆ ಬರೆದ ಸಿಟ್ಟಿನ ಉತ್ತರ ನಮಗೆ ಮಾತ್ರ ಪೂರ್ತಿ ಬಂತು.

ಅತ್ತೆಯ ವರ್ಷಾಂತಕ್ಕೆ ಭಾವ ಬರಲಿಲ್ಲ. ಬಂಧುವಿನ ಮಗಳ ಮದುವೆಯಲ್ಲಿ ಅಣ್ಣತಮ್ಮ ಎದುರುಬದುರಾದಾಗ, ಭಾವ ತಮ್ಮ ಮೊಬೈಲ್ ತೆಗೆದು, ‘ಇದು ನೀ ಬರದ್ದಲ್ದಾ?’ ಎಂದು ತೋರಿಸಿದರು. ಆಗ ಗೊತ್ತಾಯಿತು. ಇಬ್ಬರೂ ಅಲ್ಲೇ ಹೊರಗೆ ಹೋಗಿ ನಿಂತುಬಿಟ್ಟರು, ಊಟಕ್ಕೂ ಬರಲಿಲ್ಲ.

ಆ ಬಂಧುವಿಗೆ ಅದರಿಂದ ಏನು ಸಿಕ್ಕಿತು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನೇರವಾಗಿ ಒಬ್ಬರಿಗೊಬ್ಬರು ಬರೆದುಕೊಳ್ಳದೆ ಮಧ್ಯದ ಕೈಗೆ ಕೊಟ್ಟದ್ದೇ ಅವನಿಗೆ ದಾರಿಯಾಯಿತು.

ಹಳೇ ಅಂಚೆ (ಅಂಕೋಲಾ)

ಅಂಚೆ ಇಲಾಖೆಯಲ್ಲಿ ಇದ್ದವನು ನಾನು. ಕಾಗದಕ್ಕೆ ಕೈಬರಹ ಇತ್ತು, ಹೊರಟ ಊರಿನ ಮುದ್ರೆ ಇತ್ತು, ತಲುಪಿದ ಊರಿನ ಮುದ್ರೆಯೂ ಬೀಳುತ್ತಿತ್ತು. ಅಂಟು ಬಿಚ್ಚಿ ಮತ್ತೆ ಅಂಟಿಸಿದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತಿತ್ತು. ಇಮೇಲ್‌ನಲ್ಲಿ ಈ ಮುದ್ರೆಗೆ ಸಮನಾದದ್ದು ಏನಾದರೂ ಇದೆಯೇ, ಸಾಮಾನ್ಯರು ನೋಡುವಂಥದ್ದು?

ಸರ್ವರ್ ಕಾಯುವವ (ಶಿರಸಿ)

ಇದೆ, ನೋಡುವವರು ಕಡಿಮೆ. ಜಿಮೇಲ್‌ನಲ್ಲಿ ಕಂಪ್ಯೂಟರಿನಿಂದ ಪತ್ರ ತೆರೆದು, ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆಯ್ಕೆ ಮಾಡಿದರೆ ತಲೆಬರಹ, ಅಂದರೆ ಪತ್ರ ಬಂದ ದಾರಿಯ ವಿವರ, ಪೂರ್ತಿ ಕಾಣುತ್ತದೆ. ದಾರಿಯಲ್ಲಿ ಸಿಕ್ಕ ಪ್ರತಿ ಸರ್ವರ್ ತನ್ನ ಹೆಸರನ್ನೂ ಹೊತ್ತನ್ನೂ ಮೇಲೆ ಸೇರಿಸುತ್ತಾ ಹೋಗಿರುತ್ತದೆ, ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು.

ತಿದ್ದುಪಡಿ ಹಿಡಿಯಲು ಡಿಕಿಮ್ ಸಹಿ ಇದೆ. ಕಳಿಸುವ ಸರ್ವರ್ ಪತ್ರದ ಒಡಲಿನಿಂದ ಮತ್ತು ಕಳಿಸಿದವರು, ವಿಷಯ ಮುಂತಾದ ಸಾಲುಗಳಿಂದ ಲೆಕ್ಕ ಹಾಕಿ ಒಂದು ಸಹಿ ಹಾಕುತ್ತದೆ. ಆಮೇಲೆ ಒಡಲಲ್ಲಿ ಒಂದು ಅಕ್ಷರ ಬದಲಾದರೂ ಲೆಕ್ಕ ತಪ್ಪುತ್ತದೆ. ಆದರೆ ಫಾರ್ವರ್ಡ್ ಒತ್ತಿದ ಕ್ಷಣ ಅದು ಹೊಸ ಪತ್ರ. ಹಳೆಯದು ಅದರೊಳಗೆ ಬರೀ ಅಕ್ಷರ, ಯಾರು ಬೇಕಾದರೂ ತಿದ್ದಬಹುದು. ಹೊಸ ಸಹಿ ಬೀಳುವುದು ಫಾರ್ವರ್ಡ್ ಮಾಡಿದವನ ಲೆಕ್ಕಕ್ಕೆ. ಚಿಕ್ಕಮ್ಮನಿಗೆ ಬಂದದ್ದು, ಸಿದ್ದಾಪುರದವರ ಭಾವನಿಗೆ ಹೋದದ್ದು, ಎರಡೂ ಇದೇ. ಮೂಲವನ್ನು ಹಾಗೇ ತೋರಿಸಬೇಕಿದ್ದರೆ ‘ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್’ ಇದೆ, ಅಥವಾ ಮೂಲ ಕಡತವನ್ನೇ ಇಳಿಸಿಕೊಂಡು ಕಳಿಸಬಹುದು. ಸಹಿಯನ್ನು ಪರೀಕ್ಷಿಸುವ ಕೀಲಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ. ತಡವಾದಷ್ಟೂ ಪರೀಕ್ಷೆ ಕಷ್ಟ.

ಡಿಕಿಮ್ ಸರಿಯಿದೆ ಎಂದರೆ ಬರೆದದ್ದು ತಂಗಿಯೇ ಎಂದು ಅರ್ಥವಲ್ಲ. ಆ ವಿಳಾಸದ ಕಂಪನಿಯ ಸರ್ವರಿನಿಂದ ಹೊರಟಿತು, ದಾರಿಯಲ್ಲಿ ಬದಲಾಗಿಲ್ಲ ಎಂದಷ್ಟೇ. ಕೀಬೋರ್ಡಿನ ಮುಂದೆ ಯಾರು ಕೂತಿದ್ದರು ಎಂಬುದಕ್ಕೆ ಐಪಿ ಬೇಕು. ಜಿಮೇಲ್ ಬ್ರೌಸರಿನಿಂದ ಕಳಿಸಿದ ಪತ್ರದ ತಲೆಬರಹದಲ್ಲಿ ಕಳಿಸಿದವರ ಐಪಿ ಇರುವುದಿಲ್ಲ. ಅದನ್ನು ಗೂಗಲ್‌ನಿಂದ ಪೊಲೀಸರು ಕೇಳಿ ಪಡೆಯಬೇಕು.

ಕಪ್ಪು ಕೋಟು (ಕಾರವಾರ)

ವಕೀಲಿಕೆಯ ಕಡೆಯಿಂದ ನಾನು ಸೇರಿಸುತ್ತೇನೆ. ಇಮೇಲ್ ಹೋದದ್ದು 2024ರ ಜುಲೈ 1ರ ನಂತರ, ಆದ್ದರಿಂದ ಐಪಿಸಿ ಅಲ್ಲ, ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಮುಖ್ಯವಾದವು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂಗಳು. ಬೇರೆಯವರ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸದಿಂದ ಬಳಸಿದ್ದಕ್ಕೆ 66ಸಿ, ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಅನುಮತಿಯಿಲ್ಲದೆ ಖಾತೆಯೊಳಗೆ ಹೋದದ್ದು 43ನೇ ಕಲಂ, ಅಪ್ರಾಮಾಣಿಕ ಉದ್ದೇಶ ಸೇರಿದರೆ 66. ಮಾನ ಕಳೆಯಲು ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ನ್ಯಾಯ ಸಂಹಿತೆಯ 336(4).

66ಎ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್ 24ರಂದೇ ರದ್ದುಮಾಡಿದೆ.

ಜಿಲ್ಲೆಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆ ಕಾರವಾರದಲ್ಲಿದೆ. ಈ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು. 1930 ಸಹಾಯವಾಣಿ ಮುಖ್ಯವಾಗಿ ಹಣ ಹೋದವರಿಗೆ. ತಡ ಮಾಡಬೇಡಿ. ಲಾಗ್‌ಗಳನ್ನು (ಯಾರು ಯಾವಾಗ ಬಳಸಿದರು ಎಂಬ ದಾಖಲೆ) 180 ದಿನ ಉಳಿಸಿಕೊಳ್ಳಿ ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಕೊಟ್ಟಿದೆ. ಜುಲೈನಿಂದ ಎಣಿಸಿದರೆ ನಿಮಗೆ ಉಳಿದಿರುವುದು ಹೆಚ್ಚಿಲ್ಲ. ದೂರಿನಲ್ಲಿಯೇ ‘ದಾಖಲೆ ಕಾಯ್ದಿರಿಸುವಂತೆ ಸೇವಾದಾರರಿಗೆ ಬರೆಯಬೇಕು’ ಎಂದು ಸ್ಪಷ್ಟವಾಗಿ ಕೋರಿ.

ಇಂಥ ದೂರು ನಿಲ್ಲುತ್ತದೆಯೇ ಎಂಬ ಭಯ ಬೇಡ. ಚೆನ್ನೈನಲ್ಲಿ, ಮದುವೆಗೆ ಒಪ್ಪದ ಮಹಿಳೆಯೊಬ್ಬರ ಹೆಸರಿನಲ್ಲಿ ಸುಳ್ಳು ಇಮೇಲ್ ಖಾತೆ ತೆರೆದು, ಯಾಹೂ ಗುಂಪುಗಳಲ್ಲಿ ಅವರ ಬಗ್ಗೆ ಅಶ್ಲೀಲವಾಗಿ ಬರೆದವನಿಗೆ ಎಗ್ಮೋರ್ ನ್ಯಾಯಾಲಯ 2004ರ ನವೆಂಬರ್‌ನಲ್ಲಿ ಶಿಕ್ಷೆ ವಿಧಿಸಿತು. ದೂರು ದಾಖಲಾಗಿದ್ದು ಅದೇ ವರ್ಷ ಫೆಬ್ರುವರಿಯಲ್ಲಿ. 66ಸಿ, 66ಡಿ ಆಗ ಇರಲೇ ಇಲ್ಲ. ಮಾಡಿದವನು ಅವರ ಕುಟುಂಬಕ್ಕೆ ಪರಿಚಿತನೇ ಆಗಿದ್ದ.

ತೋಟದ ಮನೆ (ಯಲ್ಲಾಪುರ)

ಪೊಲೀಸು ಕೋರ್ಟು ಅಂತ ಹೋದರೆ ಹುಡುಗಿಯ ಹೆಸರು ಇನ್ನೂ ನಾಲ್ಕು ಕಡೆ ಓಡಾಡುತ್ತದೆ. ಮಾಡಿದವನು ಹತ್ತಿರದವನೇ ಇರುತ್ತಾನೆ, ನೋಡುತ್ತಿರಿ. ಮಠದಲ್ಲೋ ಊರಿನ ಹಿರಿಯರ ಮುಂದೋ ಕರೆಸಿ, ತಪ್ಪು ಒಪ್ಪಿಸಿ ಮುಗಿಸುವುದು ಒಳ್ಳೆಯದು. ನನಗೂ ಮದುವೆಗೆ ಬಂದ ಮಗಳಿದ್ದಾಳೆ, ಆ ಚಿಂತೆಯಿಂದಲೇ ಹೇಳುತ್ತಿದ್ದೇನೆ.

ಸಿದ್ದಾಪುರದವಳು

@ತೋಟದ ಮನೆ, ಹೆಸರು ಈಗಾಗಲೇ ಓಡಾಡುತ್ತಿದೆಯಲ್ಲ, ಅದೂ ಸುಳ್ಳು ಹಾಳೆಯ ಮೇಲೆ. ನಮ್ಮ ಮನೆಯಲ್ಲಿ ಹಿರಿಯರ ಮುಂದೆಯೇ ಮುಗಿಸಿದೆವು. ಆತ ಕೈಮುಗಿದ, ಎಲ್ಲರೂ ಕಾಫಿ ಕುಡಿದರು. ಆದರೆ ಯಜಮಾನರು ದುರಾಸೆಯವರು ಎಂದು ಆ ಇಮೇಲ್ ಓದಿ ನಂಬಿದ ಬಂಧುಗಳಿಗೆ ಯಾರೂ ಹೋಗಿ ತಿಳಿಸಲಿಲ್ಲ. ಅವರಲ್ಲಿ ಕೆಲವರು ಈಗಲೂ ಹಾಗೇ ನಂಬಿದ್ದಾರೆ.

ಕಪ್ಪು ಕೋಟು (ಕಾರವಾರ)

ರಾಜಿಯ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 77ಎ ಪ್ರಕಾರ ಮೂರು ವರ್ಷದವರೆಗಿನ ಅಪರಾಧಗಳನ್ನು ನ್ಯಾಯಾಲಯದಲ್ಲಿ ರಾಜಿ ಮಾಡಿಕೊಳ್ಳಬಹುದು. ಆದರೆ ಅಪರಾಧಕ್ಕೆ ಗುರಿಯಾದವರು ಮಹಿಳೆ ಅಥವಾ 18 ವರ್ಷದೊಳಗಿನ ಮಗು ಆಗಿದ್ದರೆ ಆ ಅವಕಾಶವಿಲ್ಲ. ಮನೆಯವರು, ಹಿರಿಯರು, ಊರು ಸೇರಿ ಹೆಣ್ಣಿನ ಕೈಯಿಂದ ‘ಆಯಿತು ಬಿಡಿ’ ಎಂದು ಬರೆಸಿಕೊಳ್ಳುವುದು ನಮ್ಮಲ್ಲಿ ಎಷ್ಟು ಸುಲಭ ಎಂದು ಕಚೇರಿಯಲ್ಲಿ ಕೂತು ನೋಡಿದವಳು ನಾನು. ಈ ತಡೆ ಇರುವುದು ಒಳ್ಳೆಯದೆಂದೇ ನನ್ನ ಭಾವನೆ. ಪ್ರಕರಣ ರದ್ದುಪಡಿಸುವ ಹೈಕೋರ್ಟಿನ ಅಧಿಕಾರ ಬೇರೆ, ಅದಕ್ಕೆ ಧಾರವಾಡ ಪೀಠಕ್ಕೆ ಹೋಗಬೇಕು.

ದೂರು ಕೊಡುವುದೂ ಬಿಡುವುದೂ ತಂಗಿಯ ತೀರ್ಮಾನ ಆಗಿರಲಿ. ಅಣ್ಣನದ್ದಲ್ಲ, ಅಪ್ಪನದ್ದೂ ಅಲ್ಲ.

ನಿರ್ವಾಹಕ

ಮೇಲೆ ಇಬ್ಬರು ಸದಸ್ಯರು ಊಹೆಯ ಮೇಲೆ ಒಂದು ಅಂಗಡಿಯ ಹೆಸರನ್ನೂ ಒಬ್ಬ ವ್ಯಕ್ತಿಯ ಹೆಸರನ್ನೂ ಬರೆದಿದ್ದರು. ಎರಡನ್ನೂ ತೆಗೆದಿದ್ದೇವೆ. ಒಬ್ಬರ ಮೇಲೆ ಸುಳ್ಳು ಹೊರಿಸಿದ್ದನ್ನು ಬಿಡಿಸಲು ಬಂದ ಕಡೆ ಇನ್ನೊಬ್ಬರ ಮೇಲೆ ಸಾಕ್ಷಿಯಿಲ್ಲದೆ ಹೊರಿಸಬೇಡಿ.

ಅಘನಾಶಿನಿ ದಂಡೆ (ಕುಮಟಾ)

ನಡೆದದ್ದನ್ನು ಹೇಳುತ್ತೇನೆ. ಪಾಸ್‌ವರ್ಡ್ ಮರಳಿ ಪಡೆಯುವ ಇಮೇಲ್ ವಿಳಾಸ ತಂಗಿಯದ್ದಾಗಿರಲಿಲ್ಲ. ವರ್ಷಗಳ ಹಿಂದೆ, ಕಾಲೇಜು ಅರ್ಜಿ ತುಂಬುವಾಗ, ಮನೆಗೆ ಬೇಕಾದವರೊಬ್ಬರು ಆ ಖಾತೆಯನ್ನು ತೆರೆದುಕೊಟ್ಟಿದ್ದರು. ಆಗ ಹಾಕಿದ ವಿಳಾಸ ಹಾಗೇ ಉಳಿದಿದೆ. ಆ ಮನುಷ್ಯ ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಬಂದವರು, ನಿಶ್ಚಿತಾರ್ಥದಲ್ಲಿ ಬಡಿಸಿದವರು. ಅವರೇ ಮಾಡಿದರು ಎಂದು ನಾನು ಹೇಳುತ್ತಿಲ್ಲ, ತನಿಖೆ ಆಗಲಿ. ಹೆಸರು ಕೇಳಬೇಡಿ.

ಹುಡುಗನಿಗೆ ನಾನೇ ಬರೆದೆ, ನನ್ನ ಖಾತೆಯಿಂದ. ಆಮೇಲೆ ಅವನು ಬಂದರು ಮುಟ್ಟಿದಾಗ ಫೋನ್ ಮಾಡಿದ, ಬಹಳ ಹೊತ್ತು ಮಾತಾಡಿದೆವು. ‘ಇಷ್ಟವಿಲ್ಲ’ ಎಂಬ ಪತ್ರ ಬಂದ ವಿಳಾಸವನ್ನು ಒಂದೊಂದೇ ಅಕ್ಷರ ಓದಿಸಿದೆ. ನಮ್ಮ ಅಡ್ಡಹೆಸರು ಹೆಗಡೆ. ಅದನ್ನು ಇಂಗ್ಲಿಷಿನಲ್ಲಿ ಕೆಲವರು ‘ಜಿ’ ನಂತರ ‘ಎ’ ಹಾಕಿ ಬರೆಯುತ್ತಾರೆ, ಕೆಲವರು ಹಾಕುವುದಿಲ್ಲ. ತಂಗಿಯ ವಿಳಾಸದಲ್ಲಿ ‘ಎ’ ಇದೆ. ಆ ಪತ್ರ ಬಂದ ವಿಳಾಸದಲ್ಲಿ ಇಲ್ಲ. ಭಟ್ಟರಲ್ಲಿ ಒಂದು ‘ಟಿ’ ಎರಡು ‘ಟಿ’, ನಾಯ್ಕರಲ್ಲಿ ಇನ್ನೊಂದು ರೀತಿ, ನಮ್ಮ ಜಿಲ್ಲೆಯಲ್ಲಿ ಯಾರೂ ಈ ವ್ಯತ್ಯಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮದುವೆ ಕರೆಯೋಲೆಯಲ್ಲೇ ಅಣ್ಣನದ್ದೊಂದು, ತಮ್ಮನದ್ದೊಂದು ಇರುತ್ತದೆ. ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅವನು ತಂಗಿಗೆ ಬರೆದದ್ದನ್ನು ತನ್ನ ಸೆಂಟ್ ಪೆಟ್ಟಿಗೆಯಿಂದ ತೆಗೆದು ಕಳಿಸಿದ. ಮೊದಲನೆಯದರಲ್ಲಿ ಸಿಟ್ಟಿದೆ. ಆಮೇಲಿನವುಗಳಲ್ಲಿ ಇಲ್ಲ. ಒಂದರಲ್ಲಿ ‘ನಿನಗೆ ಬೇಡವಾದರೆ ನಾನೇ ನಮ್ಮ ಮನೆಯಲ್ಲಿ ಹೇಳುತ್ತೇನೆ, ತಪ್ಪು ನನ್ನದೆಂದು ಹೇಳುತ್ತೇನೆ, ಒಂದು ಸಲ ಮಾತಾಡು’ ಎಂದಿದೆ. ಇದಕ್ಕೂ ಅವಳಿಂದ ಉತ್ತರ ಹೋಗಲಿಲ್ಲ. ಉತ್ತರ ಬಾರದ್ದನ್ನೇ ಅವನು ಉತ್ತರ ಎಂದುಕೊಂಡ. ಇವಳೂ ಹಾಗೇ ಅಂದುಕೊಂಡು ಕೂತಿದ್ದಳು.

ಸಿಇಎನ್ ಠಾಣೆಗೆ ತಂಗಿಯೇ ಹೋಗಿ ದೂರು ಕೊಟ್ಟಳು, ನಾನು ಜೊತೆಗಿದ್ದೆ. ಕಪ್ಪು ಕೋಟು ಅವರು ಹೇಳಿದ ಹಾಗೆ ದಾಖಲೆ ಕಾಯ್ದಿರಿಸುವ ಕೋರಿಕೆಯನ್ನು ಬೇರೆ ಪ್ಯಾರಾ ಮಾಡಿ ಬರೆದಿದ್ದೇವೆ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು.

ಈಗ ನನ್ನನ್ನು ಕಾಡುತ್ತಿರುವುದು ಆ ಹಾಳೆ. ತನಿಖೆ, ಕೋರ್ಟು ಎಲ್ಲ ಮುಗಿಯುವ ಹೊತ್ತಿಗೆ ಅದನ್ನು ಓದಿದವರು ಓದಿದ್ದನ್ನೇ ನಂಬಿಕೊಂಡು ಇರುತ್ತಾರೆ. ಮಾಡಿದವರಿಗೆ ಶಿಕ್ಷೆ ಆಗಲಿ. ಅದಕ್ಕಿಂತ ಮೊದಲು, ಆ ಹಾಳೆ ಹೋದ ಪ್ರತಿ ಮನೆಗೂ ‘ಇದು ಅವಳದ್ದಲ್ಲ’ ಎಂಬ ಮಾತು ಹೋಗಬೇಕು. ಇದನ್ನು ಹೇಗೆ ಮಾಡುವುದು?

ಹಳೇ ಅಂಚೆ (ಅಂಕೋಲಾ)

ಹಾಳೆಯನ್ನು ಹಂಚಿದವರ ಕೈಯಿಂದಲೇ ಹೋಗಬೇಕು. ನೀವು ಹೇಳಿದರೆ ‘ಮಗಳ ಕಡೆಯವರು, ಹೇಳದೆ ಇರುತ್ತಾರೆಯೇ’ ಎನ್ನುತ್ತಾರೆ. ಚಿಕ್ಕಮ್ಮನವರಿಗೆ ಎಲ್ಲವನ್ನೂ ತೋರಿಸಿ, ಅವರು ಯಾರ್ಯಾರಿಗೆ ಕೊಟ್ಟರೋ ಅವರಿಗೆಲ್ಲ ಅವರೇ ತಿಳಿಸುವಂತೆ ಕೇಳಿ. ಬಾಯಿಮಾತಿಗಿಂತ ಬರಹದಲ್ಲಿ ಇದ್ದರೆ ಒಳ್ಳೆಯದು. ಅವರಿಗೂ ಮೋಸವೇ ಆಗಿದೆ, ಅವರ ಮೇಲೆ ತಪ್ಪು ಹೊರಿಸುವ ದನಿ ಬೇಡ.

ಕೋಡಿಬಾಗ (ಕಾರವಾರ)

ನಾನಿರುವುದು ಇಲ್ಲೇ. ಆ ಮನೆಯವರು ಯಾರೆಂದು ಕೇಳುವುದಿಲ್ಲ. ನಿಮಗೆ ಒಪ್ಪಿಗೆಯಿದ್ದರೆ ನಿರ್ವಾಹಕರ ಮೂಲಕ ತಿಳಿಸಿ. ಕೊಂಕಣಿಯಲ್ಲಿ ಮಾತಾಡಬಲ್ಲ ಹಿರಿಯ ಹೆಂಗಸರೊಬ್ಬರನ್ನು ಕರೆದುಕೊಂಡು ಚಿಕ್ಕಮ್ಮನವರ ಹತ್ತಿರ ಹೋಗುತ್ತೇನೆ. ಎರಡು ವಿಳಾಸಗಳನ್ನು ದೊಡ್ಡ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದುಕೊಂಡು ಹೋದರೆ ಯಾರಿಗಾದರೂ ಅರ್ಥವಾಗುತ್ತದೆ. ಫಾರ್ವರ್ಡ್ ಆದದ್ದಕ್ಕೆ ಹುಡುಗನ ಬಳಿ ಇರುವ ಮೂಲ ಪತ್ರವನ್ನು ಪಕ್ಕದಲ್ಲಿಟ್ಟು, ಸೇರಿಸಿದ ಆ ಎರಡು ಸಾಲಿಗೆ ಗೆರೆ ಎಳೆದರೆ ಸಾಕು.

ಅಘನಾಶಿನಿ ದಂಡೆ (ಕುಮಟಾ)

ಒಪ್ಪಿಗೆ ಇದೆ. ನಿರ್ವಾಹಕರಿಗೆ ಬರೆದಿದ್ದೇನೆ. ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಮುಂದಿನದನ್ನು ತಂಗಿಯೇ ಬರೆಯುತ್ತೇನೆ ಎಂದಿದ್ದಾಳೆ.

ದೂರು ಕೊಟ್ಟವಳು

ಅಣ್ಣ ಬರೆದದ್ದನ್ನೆಲ್ಲ ಓದಿದೆ, ನಿಮ್ಮ ಉತ್ತರಗಳನ್ನೂ ಓದಿದೆ. ನಾನೇ ಬರೆದು ಸುಳ್ಳು ಹೇಳುತ್ತಿರಬಹುದು ಎಂದು ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಹಾಗಿದ್ದರೂ ಜೊತೆ ನಿಲ್ಲಿ ಎಂದು ಬರೆದಿದ್ದರು.

ನನಗೆ ನಿಶ್ಚಯವಾಗಿದ್ದವರು ಕಳಿಸಿದ ಪತ್ರಗಳನ್ನು ಈಗ ಓದುತ್ತಿದ್ದೇನೆ. ನನಗೆಂದು ಬರೆದದ್ದನ್ನು ನನಗಿಂತ ಮೊದಲು ಇನ್ಯಾರೋ ಓದಿ, ಅಳಿಸಿ, ಮರುದಿನ ನಮ್ಮ ಮನೆಗೆ ಬಂದು ಮಾತಾಡಿಸಿ ಹೋಗಿರಬಹುದು ಎಂದು ನೆನೆದರೆ ಮೈ ಉರಿಯುತ್ತದೆ. ಮದುವೆ ಮುರಿದದ್ದಕ್ಕಿಂತ ಇದೇ ನನಗೆ ಹೆಚ್ಚು ನೋವು ಕೊಡುತ್ತಿದೆ. ಅವರ ಜೊತೆ ಫೋನಿನಲ್ಲಿ ಮಾತಾಡಿದ್ದೇನೆ. ಮದುವೆಯ ಬಗ್ಗೆ ಇಬ್ಬರೂ ಏನೂ ತೀರ್ಮಾನಿಸಿಲ್ಲ. ಅವರ ತಾಯಿ ಆ ಎರಡು ಸಾಲು ಓದಿದ್ದಾರೆ. ನಾನು ಬರೆದದ್ದಲ್ಲವೆಂದು ತಿಳಿದ ಮೇಲೂ ಆ ಸಾಲು ಅವರ ಮನಸ್ಸಿನಿಂದ ಹೋಗಲು ಹೊತ್ತು ಬೇಕು. ಅವಸರ ಮಾಡಲು ಇಷ್ಟವಿಲ್ಲ.

ಎಲ್ಲರೂ ‘ಮರೆತುಬಿಡು’ ಎನ್ನುತ್ತಿದ್ದಾರೆ. ನಾನು ದೂರನ್ನು ಹಿಂದಕ್ಕೆ ಪಡೆಯುವುದಿಲ್ಲ.

ಕಪ್ಪು ಕೋಟು ಅವರಲ್ಲಿ ಒಂದು ಪ್ರಶ್ನೆ. ಮೂಲ ಪತ್ರಗಳು ಇರುವುದು ಅವರ ಖಾತೆಯಲ್ಲಿ, ಅವರ ಲ್ಯಾಪ್‌ಟಾಪ್‌ನಲ್ಲಿ. ಅವರು ಹಡಗು ಇಳಿಯುವುದು ಹೊಸ ವರ್ಷದ ನಂತರ. ಅಲ್ಲಿಯವರೆಗೆ ಕಾದರೆ ಸಾಕ್ಷಿ ದುರ್ಬಲವಾಗುತ್ತದೆಯೇ?

ಕಪ್ಪು ಕೋಟು (ಕಾರವಾರ)

ಕಾಯಬೇಕಿಲ್ಲ. ಮೂಲ ಪತ್ರಗಳನ್ನು ಈಗಲೇ ಕಡತವಾಗಿ ಇಳಿಸಿ, ತೆರೆದು ತಿದ್ದದೆ, ತನಿಖಾಧಿಕಾರಿಯ ಅಧಿಕೃತ ವಿಳಾಸಕ್ಕೆ ಅವರೇ ಕಳಿಸಲಿ. ಪ್ರತಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತದಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು) ಅದೇ ಪತ್ರದಲ್ಲಿ ಬರೆಯಲಿ. ಅದನ್ನು ತೆಗೆಯುವುದು ಹೇಗೆಂದು ಸರ್ವರ್ ಕಾಯುವವರು ತಿಳಿಸುತ್ತಾರೆ. ಖಾತೆಯಲ್ಲಿರುವ ಮೂಲವನ್ನು ಅಳಿಸಬಾರದು, ಆ ಲ್ಯಾಪ್‌ಟಾಪ್ ಮಾರಬಾರದು, ಫಾರ್ಮ್ಯಾಟ್ ಮಾಡಬಾರದು.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು. ಅದರ ನಮೂನೆಯಲ್ಲಿ ಎರಡು ಭಾಗಗಳಿವೆ. ‘ಎ’ ಭಾಗಕ್ಕೆ ಸಾಧನ ಯಾರ ವಶದಲ್ಲಿದೆಯೋ ಅವರು ಸಹಿ ಮಾಡಬೇಕು, ‘ಬಿ’ ಭಾಗಕ್ಕೆ ತಜ್ಞರು. ಹ್ಯಾಶ್ ಮೌಲ್ಯವನ್ನು ಬರೆಯಬೇಕಾದದ್ದು ಅಲ್ಲೇ. ಅವರು ಊರಿಗೆ ಬಂದ ಮೇಲೆ ಸಹಿ ಮಾಡಲಿ. ಈಗ ಕಳಿಸಿದ ಹ್ಯಾಶ್ ಆಗಲೂ ಹೊಂದಿದರೆ ನಡುವೆ ಏನೂ ಬದಲಾಗಿಲ್ಲ ಎಂದು ತೋರಿಸಬಹುದು. ಚಿಕ್ಕಮ್ಮನವರ ಮೊಬೈಲಿಗೂ ಇದೇ ಕ್ರಮ, ಅದಕ್ಕೆ ಅವರ ಸಹಿ. ಕೋಡಿಬಾಗದವರು ಹೋದಾಗ ಇದನ್ನೂ ತಿಳಿಸಲಿ, ಫೋನ್ ಬದಲಿಸುವ ಯೋಚನೆಯಿದ್ದರೆ ತಡೆಯಲಿ.

ನಷ್ಟ ಪರಿಹಾರ ಕೇಳುವುದಾದರೆ ಅದು ಪ್ರತ್ಯೇಕ ಅರ್ಜಿ. 43ನೇ ಕಲಂ ಅಡಿಯಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ, ಬೆಂಗಳೂರಿನಲ್ಲಿ. ಕ್ರಿಮಿನಲ್ ಪ್ರಕರಣ ಮುಗಿಯುವವರೆಗೆ ಅದಕ್ಕೆ ಕಾಯಬೇಕಿಲ್ಲ. ಕಾಗದಗಳನ್ನು ತೆಗೆದುಕೊಂಡು ಬನ್ನಿ, ಅರ್ಜಿಯನ್ನು ನಾನೇ ಬರೆದುಕೊಡುತ್ತೇನೆ. ಶುಲ್ಕ ಬೇಡ.